ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಆಟೊ ಹತ್ತಿ ‘ಮುಲ್ಲರ್ಸ್’ ಎಂದರೆ ಸಾಕು, ಡ್ರೈವರ್ ಮರುಮಾತಿಲ್ಲದೆ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಕಡೆ ತಿರುಗಿಸುತ್ತಾರೆ. ಆದರೆ ಆ ಮುಲ್ಲರ್ ಯಾರು ಎಂದು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ‘ಯಾರೋ ಜರ್ಮನ್ ಡಾಕ್ಟರ್’ ಎನ್ನುತ್ತಾರೆ. ಜರ್ಮನ್ ಎನ್ನುವುದು ಸರಿ, ಡಾಕ್ಟರ್ ಎನ್ನುವುದು ತಪ್ಪು. ಊರಿನ ಇತಿಹಾಸದ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಸಂಸ್ಥೆಯ ಪರವಾಗಿ ಬರೆದದ್ದಲ್ಲ, ಅಭಿಪ್ರಾಯಗಳೆಲ್ಲ ನನ್ನವೇ.

ಫಾದರ್ ಮುಲ್ಲರ್ ಡಾಕ್ಟರ್ ಅಲ್ಲದಿದ್ದರೆ ಮತ್ತೇನು?

ಗಣಿತದ ಮೇಷ್ಟ್ರು. ಪೂರ್ತಿ ಹೆಸರು ಆಗಸ್ಟಸ್ ಮುಲ್ಲರ್. 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯ ಪ್ರದೇಶದಲ್ಲಿ ಹುಟ್ಟಿ, ಜೆಸ್ವಿಟ್ ಎಂಬ ಕಥೊಲಿಕ ಧರ್ಮಸಭೆ ಸೇರಿ ಪಾದ್ರಿಯಾದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಜೆಸ್ವಿಟರ ಮೊದಲ ತಂಡದಲ್ಲಿ ಅವರೂ ಒಬ್ಬರು. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾದಾಗ ಅಲ್ಲಿ ಲೆಕ್ಕ ಕಲಿಸುವ ಕೆಲಸ ಅವರ ಪಾಲಿಗೆ ಬಂತು. ಔಷಧದ ವಿಷಯದಲ್ಲಿ ಅವರಿಗಿದ್ದದ್ದು ಆಸಕ್ತಿ, ಓದು ಮತ್ತು ಒಂದಿಷ್ಟು ಹೋಮಿಯೋಪಥಿ ಗುಳಿಗೆಗಳು. ಕಡೆಯವರೆಗೂ ಮಂಗಳೂರಿನಲ್ಲೇ ಇದ್ದು 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ತೀರಿಕೊಂಡರು.

ಬಾಸೆಲ್ ಮಿಷನ್ನಿನವರಾ?

ಅಲ್ಲ. ಈ ಗೊಂದಲ ಬಹಳ ಹಳೆಯದು, ಬಹಳ ಸಹಜವಾದದ್ದು ಕೂಡ: ಊರು ಒಂದೇ, ಭಾಷೆಯೂ ಜರ್ಮನ್. ಬಾಸೆಲ್ ಮಿಷನ್ನಿನವರು 1834ರಲ್ಲೇ ಮಂಗಳೂರಿಗೆ ಬಂದ ಪ್ರೊಟೆಸ್ಟೆಂಟರು. ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ, ‘ಮಂಗಳೂರ ಸಮಾಚಾರ’, ಕಿಟೆಲ್ಲರ ನಿಘಂಟು ಎಲ್ಲ ಅವರ ಕಡೆಯದು. ಮುಲ್ಲರ್ ಕಥೊಲಿಕ ಪಾದ್ರಿ, ರೋಮಿಗೆ ವಿಧೇಯರು. ಅವರ ಜೊತೆಗಾರರಲ್ಲಿ ಹೆಚ್ಚಿನವರು ಇಟಲಿಯವರು. ಆ ಕಾಲದಲ್ಲಿ ಈ ಎರಡು ಪಂಗಡಗಳ ನಡುವೆ ಅಂಥ ಸ್ನೇಹವೇನೂ ಇರಲಿಲ್ಲ.

ಜೆಸ್ವಿಟರು ಮಂಗಳೂರಿಗೇ ಯಾಕೆ ಬಂದರು?

ಊರಿನ ಕಥೊಲಿಕರೇ ಕರೆಸಿಕೊಂಡರು ಎಂದರೆ ತಪ್ಪಿಲ್ಲ. ಇಲ್ಲಿ ಕೊಂಕಣಿ ಮಾತಾಡುವ ಕಥೊಲಿಕರು ಗೋವೆಯಿಂದ ಬಂದು ನೆಲೆಸಿ ಶತಮಾನಗಳಾಗಿದ್ದವು. 1784ರಲ್ಲಿ ಟಿಪ್ಪು ಸುಲ್ತಾನನ ಸೆರೆಗೆ ಬಿದ್ದು, 1799ರ ನಂತರ ಬರಿಗೈಯಲ್ಲಿ ವಾಪಸಾದ ಸಮುದಾಯ ಅದು. ಮುಂದಿನ ಮೂರು ತಲೆಮಾರುಗಳಲ್ಲಿ ಗದ್ದೆ, ಕಾಫಿ ವ್ಯಾಪಾರ, ಸರ್ಕಾರಿ ನೌಕರಿ ಎಂದು ಚೇತರಿಸಿಕೊಂಡವರಿಗೆ ಈಗ ಮಕ್ಕಳಿಗೊಂದು ಕಾಲೇಜು ಬೇಕಿತ್ತು. ಅಲ್ಲಿಯವರೆಗೆ ಊರಿನ ಚರ್ಚುಗಳನ್ನು ನೋಡಿಕೊಳ್ಳುತ್ತಿದ್ದವರು ಕಾರ್ಮೆಲೈಟ್ ಎಂಬ ಇನ್ನೊಂದು ಕಥೊಲಿಕ ಸಭೆಯ ಪಾದ್ರಿಗಳು. ಜನ ರೋಮಿಗೆ ಬರೆದುಕೊಂಡರು, 1878ರಲ್ಲಿ ಪೋಪ್ 13ನೇ ಲಿಯೊ ಮಂಗಳೂರು ಮಿಷನ್ನನ್ನು ಜೆಸ್ವಿಟರಿಗೆ ವಹಿಸಿದರು. ಜನ ಬೇಡಿದ್ದು ಕಾಲೇಜು. ಆಸ್ಪತ್ರೆ ಯಾರ ಯೋಜನೆಯಲ್ಲೂ ಇರಲಿಲ್ಲ.

ಆಲದ ಮರದಡಿ ಔಷಧ ಕೊಟ್ಟರು ಎನ್ನುವ ಕಥೆ?

ಕಂಕನಾಡಿಯಲ್ಲಿ ಎಲ್ಲರೂ ಹೇಳುವ ಕಥೆ, ಸಂಸ್ಥೆಯೂ ಹೇಳುತ್ತದೆ. ಮೊದಲು ಕಾಲೇಜಿನ ಹುಡುಗರಿಗೆ ಶೀತ, ಜ್ವರ, ಹೊಟ್ಟೆನೋವು ಎಂದಾಗ ತಮ್ಮ ಬಳಿ ಇದ್ದ ಗುಳಿಗೆ ಕೊಟ್ಟರು. ಹುಡುಗರ ಮನೆಯವರು ಬಂದರು, ಅವರ ಬೆನ್ನಿಗೆ ನೆರೆಕರೆಯವರು. ಕಂಕನಾಡಿಯ ಆಲದ ಮರದ ನೆರಳಲ್ಲಿ ಸಾಲು ನಿಂತಿತು. 1880ನ್ನು ಸಂಸ್ಥೆಯ ಹುಟ್ಟಿದ ವರ್ಷವೆಂದು ಲೆಕ್ಕ ಹಿಡಿಯುವುದು ಇದರಿಂದಲೇ. ಸ್ವಲ್ಪ ಸಮಯದಲ್ಲಿ ಅದಕ್ಕೆ ‘ಹೋಮಿಯೋಪಥಿಕ್ ಪೂರ್ ಡಿಸ್ಪೆನ್ಸರಿ’ ಎಂಬ ಹೆಸರು ಬಂತು. ಹೆಸರಿನಲ್ಲೇ ‘ಪೂರ್’ ಇದೆ ನೋಡಿ, ಬಡವರ ಔಷಧಾಲಯ ಎಂದು ಬೋರ್ಡಿನಲ್ಲೇ ಬರೆಸಿದ್ದರು. ಈಗಿನ ಕಾಲದಲ್ಲಿ ಯಾವ ಆಸ್ಪತ್ರೆಗೂ ಆ ಧೈರ್ಯ ಬರಲಿಕ್ಕಿಲ್ಲ.

ಹೋಮಿಯೋಪಥಿಯೇ ಯಾಕೆ?

ಆ ಹೊತ್ತಿನ ಪರಿಸ್ಥಿತಿ ನೆನಪಿಡಬೇಕು. 1880ರ ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಯ ಒಂದು ಮೂಲೆ. ರೈಲು ಬರಲು ಇನ್ನೂ 27 ವರ್ಷ ಬೇಕಿತ್ತು. ಅದು ಬಂದದ್ದು 1907ರಲ್ಲಿ. ಮಳೆಗಾಲದಲ್ಲಿ ಬಂದರಿನ ಬಾಯಿ ಮುಚ್ಚಿದರೆ ತಿಂಗಳುಗಟ್ಟಲೆ ಸರಕಿಲ್ಲ. ಪರವಾನಗಿ ಪಡೆದ ವೈದ್ಯರು ಬೆರಳೆಣಿಕೆ, ಅವರ ಔಷಧ ದುಬಾರಿ. ಆಗಿನ ಅಲೋಪಥಿಯೂ ಇಂದಿನದಲ್ಲ: ಪಾದರಸದ ಲವಣ, ಕಡುಭೇದಿ, ರಕ್ತ ತೆಗೆಯುವುದು ಇವೆಲ್ಲ ಪೂರ್ತಿ ಮರೆಯಾಗಿರಲಿಲ್ಲ.

ಅಂಥ ಕಡೆ ಹೋಮಿಯೋಪಥಿಯ ಅನುಕೂಲವೆಂದರೆ ಮುಖ್ಯವಾಗಿ ಅದು ಹಗುರ, ಅಗ್ಗ ಮತ್ತು ಅಪಾಯವಿಲ್ಲದ್ದು. ಯುರೋಪಿನಿಂದ ಹಡಗಿನಲ್ಲಿ ಬಂದ ಒಂದು ಸಣ್ಣ ಸೀಸೆ ಮೂಲದ್ರಾವಣದಿಂದ ಸಾವಿರಾರು ಸಕ್ಕರೆ ಗುಳಿಗೆ ಮಾಡಬಹುದಿತ್ತು. ಕೆಡುವುದು ಕಡಿಮೆ, ಮಗುವಿಗೂ ಕೊಡಬಹುದು, ಪಾದ್ರಿಯೊಬ್ಬ ಪುಸ್ತಕ ನೋಡಿಕೊಂಡೇ ಹಂಚಬಹುದು. ಅದನ್ನು ಹುಟ್ಟುಹಾಕಿದ ಹಾನ್ನಿಮನ್ನನೂ ಜರ್ಮನ್ನನೇ ಆದ್ದರಿಂದ ಮೂಲ ಗ್ರಂಥಗಳನ್ನು ಮುಲ್ಲರ್ ತಮ್ಮ ತಾಯ್ನುಡಿಯಲ್ಲೇ ಓದಬಹುದಿತ್ತು.

ಹಾಗಾದರೆ ಹೋಮಿಯೋಪಥಿ ಕೆಲಸ ಮಾಡುತ್ತದೆಯಾ?

ಇತಿಹಾಸ ಕೇಳಲು ಬಂದವರು ಕೂಡ ಕಡೆಗೆ ಇಲ್ಲಿಗೇ ಬರುತ್ತಾರೆ. ಭಾರತದಲ್ಲಿ ಅದು ಕಾನೂನಿನ ಮಾನ್ಯತೆ ಇರುವ ಪದ್ಧತಿ: 1973ರ ಕೇಂದ್ರ ಮಂಡಳಿ ಕಾಯ್ದೆ ಇತ್ತು, 2020ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ವಿಜ್ಞಾನದ ಕಡೆಯಿಂದ ಹೇಳುವುದಾದರೆ, ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ 2015ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಯಾವ ಕಾಯಿಲೆಗೂ ಅದು ಪರಿಣಾಮಕಾರಿ ಎನ್ನಲು ನಂಬಬಹುದಾದ ಪುರಾವೆ ಇಲ್ಲ ಎಂದಿತು. ನೂರರಲ್ಲಿ ಒಂದು ಪಾಲಿನಂತೆ 30 ಸಲ ತೆಳುಮಾಡಿದ ಮೇಲೆ ಮೂಲದ್ರವ್ಯದ ಒಂದು ಅಣುವೂ ಸೀಸೆಯಲ್ಲಿ ಉಳಿಯುವ ಸಂಭವ ಇಲ್ಲವೇ ಇಲ್ಲ. ಲೆಕ್ಕದ ಮೇಷ್ಟ್ರಾಗಿದ್ದ ಮುಲ್ಲರರಿಗೆ ಈ ಗುಣಾಕಾರ ಗೊತ್ತಿರದೆ ಇರಲಿಕ್ಕಿಲ್ಲ.

ನನ್ನ ಮಟ್ಟಿಗೆ, ಆ ಡಿಸ್ಪೆನ್ಸರಿಯಲ್ಲಿ ಕೆಲಸ ಮಾಡಿದ್ದು ಗುಳಿಗೆಗಿಂತ ಹೆಚ್ಚಾಗಿ ಅದರ ಜೊತೆಗಿದ್ದ ಉಳಿದದ್ದೆಲ್ಲ: ರೋಗಿಯ ಮಾತನ್ನು ಕೂತು ಕೇಳುವ ಒಬ್ಬ ಮನುಷ್ಯ, ಹೊಟ್ಟೆಗೆ ಊಟ, ಶುಚಿಯಾದ ಹಾಸಿಗೆ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಬಂತು?

ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಪ್ರಶ್ನೆ ಇದು. ಹೆಚ್ಚಿನವರು ‘ಫಾರಿನ್ ದುಡ್ಡು’ ಎಂದು ಕೈ ಕೊಡವಿ ಬಿಡುತ್ತಾರೆ. ದಾನ ಬಂದದ್ದು ಹೌದು. ಆದರೆ ಮುಲ್ಲರ್ ಸಂಸ್ಥೆ ತನ್ನ ಕಾಲ ಮೇಲೆ ನಿಂತದ್ದು ವ್ಯಾಪಾರದಿಂದ.

ಬಡವರಿಗೆ ಧರ್ಮಕ್ಕೆ ಕೊಡುವ ಅದೇ ಗುಳಿಗೆಯನ್ನು, ಕೊಡಬಲ್ಲವರಿಗೆ ಅಂಚೆಯಲ್ಲಿ ಮಾರಿದರು. ಡಾಕ್ಟರ್ ಸಿಗದ ಊರುಗಳಿಂದ ಕಾಗದ ಬರೆದರೆ ಕಂಕನಾಡಿಯಿಂದ ಪಾರ್ಸೆಲ್ ಹೊರಡುತ್ತಿತ್ತು. ಇಟಲಿಯ ಸೊಲೆರಿ-ಬೆಲ್ಲೊಟ್ಟಿ ಎಂಬ ಔಷಧಗಳನ್ನೂ ತರಿಸಿ ಮಾರಿದರು. ಬರೀ ಗುಳಿಗೆ ಕಳಿಸಿದರೆ ಯಾವುದಕ್ಕೆ ಯಾವುದು ಎಂದು ಗೊತ್ತಾಗುವುದು ಹೇಗೆ? ಅದಕ್ಕೆ ಇಂಗ್ಲಿಷಿನಲ್ಲಿ ಮನೆವೈದ್ಯದ ಕೈಪಿಡಿಗಳನ್ನು ಬರೆದು ಅಚ್ಚು ಹಾಕಿಸಿದರು. ಕಾಯಿಲೆಯ ಲಕ್ಷಣ ಒಂದು ಕಡೆ, ಔಷಧ, ಪ್ರಮಾಣ ಇನ್ನೊಂದು ಕಡೆ. ಪುಸ್ತಕ ಕೊಂಡವನು ಪೆಟ್ಟಿಗೆ ತರಿಸುತ್ತಾನೆ, ಪೆಟ್ಟಿಗೆ ಖಾಲಿಯಾದರೆ ಮತ್ತೆ ಬರೆಯುತ್ತಾನೆ. ಗುಳಿಗೆಗೆ ಭಾರವೇ ಇಲ್ಲದ್ದರಿಂದ ಅಂಚೆವೆಚ್ಚ ಅತ್ತ ಅವನಿಗೂ ಹೊರೆಯಲ್ಲ, ಇತ್ತ ಇವರಿಗೂ.

ಹೀಗೆ ಬಂದ ಲಾಭ ಆಸ್ಪತ್ರೆಯ ಗಂಜಿಗೆ, ಬ್ಯಾಂಡೇಜಿಗೆ, ಕಟ್ಟಡಕ್ಕೆ ಹೋಯಿತು. ದೂರದ ಊರಿನಲ್ಲಿ ತಲೆನೋವಿಗೆ ಗುಳಿಗೆ ತರಿಸಿದವನಿಗೆ, ತಾನು ಕಂಕನಾಡಿಯ ಒಬ್ಬ ಕುಷ್ಠರೋಗಿಯ ಊಟಕ್ಕೆ ದುಡ್ಡು ಕೊಟ್ಟೆ ಎಂದು ಗೊತ್ತಾಗುವ ಹಾಗೇ ಇರಲಿಲ್ಲ. ಧರ್ಮಕಾರ್ಯ ಎಂದರೆ ಡಬ್ಬಿ ಅಲ್ಲಾಡಿಸುವುದು ಎಂದುಕೊಂಡವರು ಇದನ್ನು ಗಮನಿಸಬೇಕು. ದಾನಿಯ ಮನಸ್ಸು ಬದಲಾದರೆ ದಾನ ನಿಂತುಹೋಗುತ್ತದೆ. ಗಿರಾಕಿಗೆ ತಲೆನೋವು ಮಾತ್ರ ತಪ್ಪದೆ ಬರುತ್ತದೆ. ಆ ಔಷಧ ತಯಾರಿಕೆ ಇಂದಿಗೂ ಸಂಸ್ಥೆಯ ಒಂದು ವಿಭಾಗವಾಗಿ ನಡೆಯುತ್ತಿದೆ.

ಕುಷ್ಠರೋಗಿಗಳ ಆಸ್ಪತ್ರೆ ಯಾವಾಗ ಶುರುವಾಯಿತು?

1890ರಲ್ಲಿ, ಸಂತ ಜೋಸೆಫರ ಹೆಸರಿನಲ್ಲಿ. ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಲೇ ಅದೇ ರೋಗದಿಂದ ಫಾದರ್ ಡೇಮಿಯನ್ ತೀರಿಕೊಂಡದ್ದು ಅದರ ಹಿಂದಿನ ವರ್ಷ. ಕಥೊಲಿಕ ಜಗತ್ತಿನಲ್ಲಿ ಆಗ ಎಲ್ಲರ ಬಾಯಲ್ಲೂ ಅದೇ ಸುದ್ದಿ.

ನಮ್ಮ ಕಡೆ ಈ ಕಾಯಿಲೆಯ ಹೆಸರೆತ್ತಲು ಹೆದರಿ ‘ಮಹಾರೋಗ’ ಎನ್ನುತ್ತಿದ್ದರು. ರೋಗಾಣುವನ್ನು ನಾರ್ವೆಯ ಹಾನ್ಸೆನ್ 1873ರಲ್ಲೇ ಗುರುತಿಸಿದ್ದರೂ ಮದ್ದು ಇರಲಿಲ್ಲ. ಗರುಡಫಲದ ಜಾತಿಯ ಬೀಜದ ಎಣ್ಣೆಯನ್ನು ಹಚ್ಚುವುದು, ಕುಡಿಸುವುದು ಇಷ್ಟೇ. ಹಾಗಾಗಿ ಆಶ್ರಮದ ನಿಜವಾದ ಕೆಲಸವೆಂದರೆ ಗಾಯ ನೋಡಿಕೊಳ್ಳುವುದು. ಈ ರೋಗದಲ್ಲಿ ಕೈಕಾಲಿಗೆ ಸ್ಪರ್ಶಜ್ಞಾನ ಹೋಗುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿ ಪಾತ್ರೆ ಹಿಡಿದರೂ ಗೊತ್ತಾಗುವುದಿಲ್ಲ, ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗುವುದಿಲ್ಲ. ಬೆಳಿಗ್ಗೆ ಯಾರಾದರೂ ಅಂಗಾಲು ಎತ್ತಿ ನೋಡಬೇಕು, ಹಿಂದಿನ ದಿನದ ಬಟ್ಟೆ ಕೀವಿಗೆ ಅಂಟಿದ್ದರೆ ಬೆಚ್ಚನೆ ನೀರಲ್ಲಿ ನೆನೆಸಿ ಬಿಡಿಸಬೇಕು, ತೊಳೆದು ಒಣಗಿಸಿ ಮತ್ತೆ ಕಟ್ಟಬೇಕು. ಮನೆಯವರೇ ಮುಟ್ಟದವರನ್ನು ದಿನಾ ಮುಟ್ಟುವ ಕೆಲಸ ಅದು.

ಸರ್ಕಾರ ಕುಷ್ಠರೋಗಿಗಳ ಕಾಯ್ದೆ ತಂದದ್ದು ಇದಾದ ಎಂಟು ವರ್ಷಕ್ಕೆ, 1898ರಲ್ಲಿ. ಅದರ ಗಮನವೆಲ್ಲ ಬೀದಿಯಲ್ಲಿ ತಿರುಗುವ ಬಡ ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡುವುದರ ಮೇಲಿತ್ತು. ಆ ಕಾಯ್ದೆ ರದ್ದಾಗಲು 2016 ಬರಬೇಕಾಯಿತು. ಡ್ಯಾಪ್ಸೋನ್ ಎಂಬ ಮದ್ದು 1940ರ ದಶಕದಲ್ಲಿ, ಹಲವು ಮದ್ದುಗಳ ಜಂಟಿ ಚಿಕಿತ್ಸೆ 1980ರ ದಶಕದಲ್ಲಿ ಬಂದ ಮೇಲೆ ಕುಷ್ಠ ಗುಣವಾಗುವ ಕಾಯಿಲೆಯಾಯಿತು. ಇದನ್ನು ಮತ್ತೆ ಹೇಳಬೇಕು, ಯಾಕೆಂದರೆ ಇವತ್ತಿಗೂ ಜನಕ್ಕೆ ನಂಬಿಕೆಯಿಲ್ಲ: ಕುಷ್ಠ ಗುಣವಾಗುತ್ತದೆ, ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಪ್ಲೇಗಿನ ಸಮಯದಲ್ಲಿ ಏನಾಯಿತು?

ಪ್ಲೇಗು 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಮಂಗಳೂರಿಗೆ 1902ರಲ್ಲಿ. ಆಗ ಊರಿನ ಜನಸಂಖ್ಯೆ ಸುಮಾರು 44,000. ಮನೆಯಲ್ಲಿ ಇಲಿ ಬಿತ್ತೆಂದರೆ ಪಾತ್ರೆಪಗಡಿ ಹೊತ್ತುಕೊಂಡು ಊರಾಚೆ ಗುಡಿಸಲು ಹಾಕುವುದು ಕನ್ನಡ ಸೀಮೆಯ ಎಲ್ಲ ಕಡೆ ನಡೆದ ಮಾತು. ಕಂಕನಾಡಿಯಲ್ಲಿ ಮುಲ್ಲರ್ ಪ್ಲೇಗಿನ ರೋಗಿಗಳಿಗೆಂದೇ ಬೇರೆ ಆಸ್ಪತ್ರೆ ತೆರೆದರು. ಸಾಮಾನ್ಯ ರೋಗಿಗಳಿಗೆ 1895ರಲ್ಲೇ ಆಸ್ಪತ್ರೆ ಶುರುವಾಗಿತ್ತು, ಕುಷ್ಠಾಶ್ರಮ ಅದಕ್ಕೂ ಮೊದಲೇ ಇತ್ತು, ಈಗ ಇದು ಮೂರನೆಯದು. ಮೂರನ್ನೂ ದೂರ ದೂರ ಇಡುವಷ್ಟು ಜಾಗ ಕಂಕನಾಡಿಯಲ್ಲಿತ್ತು ಎನ್ನುವುದು ಇವತ್ತಿನ ಟ್ರಾಫಿಕ್ ನೋಡಿದವರಿಗೆ ನಂಬಲು ಕಷ್ಟ.

ಬ್ರಿಟಿಷ್ ಸರ್ಕಾರ 1907ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಗಾಂಧೀಜಿಗೆ 1915ರಲ್ಲಿ ಕೊಟ್ಟು, ಅವರು 1920ರಲ್ಲಿ ಹಿಂತಿರುಗಿಸಿದರಲ್ಲ, ಅದೇ ಪದಕ.

ಫಾದರ್ ಒಬ್ಬರೇ ಇಷ್ಟೆಲ್ಲ ಮಾಡಿದರಾ?

ಖಂಡಿತ ಇಲ್ಲ. ಆದರೆ ನೆನಪಿನ ಫಲಕಗಳಲ್ಲಿ ಒಬ್ಬರ ಹೆಸರಿಗಷ್ಟೇ ಜಾಗ. ಸಿಸ್ಟರ್ಸ್ ಆಫ್ ಚಾರಿಟಿ ಎಂಬ ಇಟಲಿ ಮೂಲದ ಸಭೆಯ ಕನ್ಯಾಸ್ತ್ರೀಯರು 1898ರಲ್ಲಿ ಮಂಗಳೂರಿಗೆ ಬಂದರು. ಕಂಕನಾಡಿ ಆಸ್ಪತ್ರೆಯ ಶುಶ್ರೂಷೆಯಲ್ಲಿ ಆ ಸಭೆಯವರ ದುಡಿಮೆ ದೊಡ್ಡದು. ಮಂಗಳೂರಿನಲ್ಲೇ ಹುಟ್ಟಿದ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆಯನ್ನು 1887ರಲ್ಲಿ ಕಟ್ಟಿದವರು ಇನ್ನೊಬ್ಬ ಜೆಸ್ವಿಟ್, ಫಾದರ್ ಅರ್ಬನ್ ಸ್ಟೈನ್. ಅಡುಗೆಯವರು, ಬಟ್ಟೆ ಒಗೆಯುವವರು, ಗುಳಿಗೆ ಸೀಸೆಗೆ ತುಂಬಿ ಚೀಟಿ ಅಂಟಿಸುತ್ತಿದ್ದವರು ಇವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಮುಖಪುಟಕ್ಕೆ ಬರುವುದಿಲ್ಲ.

ಇದೆಲ್ಲ ಮತಾಂತರಕ್ಕಾಗಿ ಅಲ್ಲವೇ?

ನೇರ ಪ್ರಶ್ನೆಗೆ ನೇರ ಉತ್ತರ. ಜೆಸ್ವಿಟರು ಮಿಷನರಿಗಳು, ಮತಪ್ರಚಾರ ಅವರ ಕೆಲಸದ ಭಾಗವಾಗಿತ್ತು, ದಕ್ಷಿಣ ಕನ್ನಡದ ಕೆಲವು ಹಳ್ಳಿಗಳಲ್ಲಿ ಅದು ನಡೆದೂ ಇದೆ. ಮುಚ್ಚಿಡುವಂಥದ್ದೇನಲ್ಲ. ಆದರೆ ಮಂಗಳೂರಿನ ಕಥೊಲಿಕ ಸಮುದಾಯ ಮುಲ್ಲರ್ ಬಂದ ಮೇಲೆ ಹುಟ್ಟಿದ್ದಲ್ಲ. ಅದಕ್ಕಿಂತ ಬಹಳ ಹಿಂದಿನದು. ಔಷಧಕ್ಕೆ ಬಂದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಕರಾವಳಿಯಲ್ಲಿ ಈಗಲೂ ಹಾಗೇ, ಹುಷಾರಿಲ್ಲದಾಗ ಯಾರೂ ಬೋರ್ಡಿನ ಮೇಲಿರುವ ಶಿಲುಬೆ ನೋಡಿ ಹಿಂತಿರುಗುವುದಿಲ್ಲ ಮಾರಾಯ್ರೆ.

ಮುಲ್ಲರ್ ತೀರಿಕೊಂಡ ಮೇಲೆ?

ಕೆಲಕಾಲ ಜೆಸ್ವಿಟರೇ ನಡೆಸಿದರು, ಆಮೇಲೆ ಹೊಣೆ ಮಂಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಇಲ್ಲಿನ ಬಿಷಪ್ಪರ ಆಡಳಿತಕ್ಕೆ, ಬಂತು. ಈಗಲೂ ಅದರ ಅಧ್ಯಕ್ಷರು ಬಿಷಪ್, ದಿನದ ಆಡಳಿತ ಧರ್ಮಪ್ರಾಂತ್ಯದ ಪಾದ್ರಿಗಳದ್ದು. ಹೋಮಿಯೋಪಥಿಯ ಜೊತೆಗೆ ಅಲೋಪಥಿ ಚಿಕಿತ್ಸೆಯೂ ಬಂದು, ಕ್ರಮೇಣ ಅದೇ ಮುಖ್ಯವಾಯಿತು. ನರ್ಸಿಂಗ್ ಶಾಲೆ 1947ರಲ್ಲಿ, ಹೋಮಿಯೋಪಥಿ ಕಾಲೇಜು 1985ರಲ್ಲಿ, ವೈದ್ಯಕೀಯ ಕಾಲೇಜು 1999ರಲ್ಲಿ. ಹೋಮಿಯೋಪಥಿ ವಿಭಾಗಗಳು ಈಗ ದೇರಳಕಟ್ಟೆಯಲ್ಲಿವೆ.

ಮಂಗಳೂರಿನಲ್ಲಿ ಬೇರೆ ಕಥೊಲಿಕ ಸೇವಾಸಂಸ್ಥೆಗಳು ಇಲ್ಲವೇ?

ಬೇಕಾದಷ್ಟಿವೆ. ಜೆಪ್ಪುವಿನ ಸಂತ ಅಂತೋಣಿ ಆಶ್ರಮ ನಡೆಸುವ ಧರ್ಮಸಂಸ್ಥೆ 1898ರಲ್ಲಿ ಮಿಲಾಗ್ರಿಸ್ ಚರ್ಚಿನಲ್ಲಿ ಬಡವರಿಗೆ ಸಹಾಯ ಹಂಚುತ್ತ ಶುರುವಾದದ್ದು. 1921ರಲ್ಲಿ ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಪಾದ್ರಿಗಳು ಬೆಥನಿ ಸಭೆ ಸ್ಥಾಪಿಸಿದರು. ಸಮಾಜಕಾರ್ಯವನ್ನು ಓದಿನ ವಿಷಯವಾಗಿ ಕಲಿಸುವ ರೋಶನಿ ನಿಲಯ 1960ರದ್ದು. ಧರ್ಮಪ್ರಾಂತ್ಯದ ಅಭಿವೃದ್ಧಿ ಸಂಸ್ಥೆ ಸಿಒಡಿಪಿ 1974ರದ್ದು. ಸ್ವಸಹಾಯ ಸಂಘ, ಉಳಿತಾಯ, ಹಳ್ಳಿಯ ಕೆಲಸ ಅದರ ದಾರಿ. 1912ರ ಮಂಗಳೂರು ಕಥೊಲಿಕ್ ಸಹಕಾರಿ ಬ್ಯಾಂಕನ್ನು ಸೇವಾಸಂಸ್ಥೆ ಎನ್ನುವ ಹಾಗಿಲ್ಲ, ಆದರೂ ಬಡ್ಡಿ ಸಾಹುಕಾರರ ಕೈಯಿಂದ ಎಷ್ಟು ಮನೆಗಳನ್ನು ಬಿಡಿಸಿತು ಎಂದು ಹಿರಿಯರನ್ನು ಕೇಳಿದರೆ ಅದೂ ಇದೇ ಪಟ್ಟಿಗೆ ಸೇರಬೇಕು ಎನಿಸುತ್ತದೆ.

ಈಗ ಅಷ್ಟು ದೊಡ್ಡ ಆಸ್ಪತ್ರೆ, ಫೀಸು ತೆಗೆದುಕೊಳ್ಳುವ ಕಾಲೇಜು. ಇದನ್ನು ಧರ್ಮಸಂಸ್ಥೆ ಎನ್ನುವುದು ಸರಿಯೇ?

ಕಾನೂನಿನ ಪ್ರಕಾರ ದುಡ್ಡು ತೆಗೆದುಕೊಳ್ಳುವುದೇ ತಪ್ಪಲ್ಲ. ತೆರಿಗೆ ವಿನಾಯಿತಿ ಬೇಕಾದ ಯಾವುದೇ ಧರ್ಮಾರ್ಥ ಟ್ರಸ್ಟು ವರ್ಷದ ಆದಾಯದಲ್ಲಿ ಕನಿಷ್ಠ ಶೇ 85ರಷ್ಟನ್ನು ಉದ್ದೇಶಕ್ಕೇ ಖರ್ಚು ಮಾಡಬೇಕು, ಲಾಭವನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ಲೆಕ್ಕಪರಿಶೋಧನೆ ಕಡ್ಡಾಯ. ವಿದೇಶಿ ದೇಣಿಗೆಗೆ ಬೇರೆಯೇ ಕಾಯ್ದೆ, 2020ರ ತಿದ್ದುಪಡಿಯ ನಂತರ ಅದು ಇನ್ನೂ ಬಿಗಿ: ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ಹಣ ಮೊದಲು ದೆಹಲಿಯ ಎಸ್‌ಬಿಐ ಖಾತೆಗೇ ಬರಬೇಕು.

ಕಾನೂನು ಬಿಟ್ಟು ನನ್ನ ಅಭಿಪ್ರಾಯ ಕೇಳಿದರೆ: ಕೊಡಬಲ್ಲವರಿಂದ ತೆಗೆದುಕೊಳ್ಳುವುದು ಮುಲ್ಲರರೇ ಹಾಕಿಕೊಟ್ಟ ಪದ್ಧತಿ, ಅದಕ್ಕೆ ಆಕ್ಷೇಪವಿಲ್ಲ. ಕೇಳಬೇಕಾದದ್ದು, ಹಾಗೆ ಬಂದ ಹಣದಲ್ಲಿ ಎಷ್ಟು ಪಾಲು ಕೊಡಲಾಗದವರ ವಾರ್ಡಿಗೆ ಹೋಗುತ್ತದೆ ಎಂಬುದು. ಮಿಷನರಿಗಳು ಕಟ್ಟಿದ ಆಸ್ಪತ್ರೆ ಯಾವುದೇ ಇರಲಿ, ಯಾವ ಊರಿನದೇ ಇರಲಿ, ಈ ಒಂದು ಪ್ರಶ್ನೆಯನ್ನು ವರ್ಷಕ್ಕೊಮ್ಮೆ ಕೇಳಬಹುದು. ಕೇಳಿದರೆ ಯಾರೂ ಬೇಸರಿಸಿಕೊಳ್ಳಬಾರದು.

ನಮ್ಮ ಅಟ್ಟದಲ್ಲಿ ಹಳೆಯ ಹೋಮಿಯೋಪಥಿ ಪೆಟ್ಟಿಗೆ, ಕೈಪಿಡಿ ಸಿಕ್ಕಿದೆ. ಏನು ಮಾಡಲಿ?

ಗುಳಿಗೆ ಬಾಯಿಗೆ ಹಾಕಬೇಡಿ. ಮೂಲದ್ರಾವಣದ ಸೀಸೆಗಳಂತೂ ಮಕ್ಕಳ ಕೈಗೆ ಸಿಗದಿರಲಿ. ಹಳೆಯ ಸೀಸೆಗಳಲ್ಲಿ ವಿಷದ ಗಿಡಗಳ ರಸವೂ ಇರಬಹುದು. ಪೆಟ್ಟಿಗೆಯನ್ನು ಉಜ್ಜಿ ವಾರ್ನಿಷ್ ಹೊಡೆಯಬೇಡಿ, ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಸೀಸೆಗಳನ್ನು ಸಾಲು ತಪ್ಪಿಸಬೇಡಿ, ಬಿರಡೆಯ ಮೇಲಿನ ಅಕ್ಷರ, ಅಂಕಿಗಳನ್ನು ಹಾಗೇ ಫೋಟೊ ತೆಗೆದಿಡಿ. ಪುಸ್ತಕವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಅದರ ಅಂಚಿನಲ್ಲಿ ಅಜ್ಜನೋ ಅಜ್ಜಿಯೋ ಪೆನ್ಸಿಲಿನಲ್ಲಿ ‘ಮಗುವಿಗೆ ಕೆಮ್ಮು, ನಾಲ್ಕು ಗುಳಿಗೆ’ ಎಂಬಂಥದ್ದೇನಾದರೂ ಗೀಚಿದ್ದರೆ ಅಚ್ಚಾದ ಪುಟಕ್ಕಿಂತ ಅದೇ ಮುಖ್ಯ. ಯಾವ ಮನೆಯದ್ದು, ಯಾರ ಕೈಬರಹ ಎಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಪಾರ್ಸೆಲ್ಲಿನ ರಸೀದಿ, ಅಂಚೆ ಮುದ್ರೆಯ ಲಕೋಟೆ ಸಿಕ್ಕಿದರೆ ಎಸೆಯಬೇಡಿ, ಔಷಧ ಯಾವ ಯಾವ ಊರಿಗೆ ಹೋಗುತ್ತಿತ್ತು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಮನೆಯಲ್ಲಿ ಗೆದ್ದಲಿನ ಕಾಟವಿದ್ದರೆ ಊರಿನ ಯಾವುದಾದರೂ ಕಾಲೇಜು ಗ್ರಂಥಾಲಯಕ್ಕೋ ವಸ್ತುಸಂಗ್ರಹಾಲಯಕ್ಕೋ ಕೊಟ್ಟು, ಕೊಟ್ಟದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಿರಿ.